ಬೆಂಕಿಪೊಟ್ಟಣ ಕೇಳಿದ ದೇವರು

ನಾನು ಚಿಕ್ಕವನಿದ್ದಾಗ ದೇವರ ಊರು ಯಾವುದು ಅಂತ ನನಗೆ ಖಚಿತವಾಗಿ ಗೊತ್ತಿತ್ತು. ಯಗಟಿ. ದೇವರಿಗೆ ಬಿಳಿ ಮೀಸೆ ಇತ್ತು, ಹೆಗಲ ಮೇಲೆ ಕರಿ ಕಂಬಳಿ ಇತ್ತು, ಮುಂದಿನ ಹಲ್ಲು ಇರಲಿಲ್ಲ. ಬೀಡಿ ಸೇದ್ತಿದ್ದ. ಪ್ರತಿ ವರ್ಷ ಬೇಸಿಗೇಲಿ ಕುರಿ ಹೊಡ್ಕೊಂಡು ನಮ್ಮೂರಿಗೆ ಬರ್ತಿದ್ದ. ನಗಬೇಡಿ ಮಕ್ಕಳಾ. ಇಷ್ಟು ದೊಡ್ಡ ತಪ್ಪು ಸುಮ್ಮಸುಮ್ಮನೆ ಯಾರಿಗೂ ಆಗಲ್ಲ, ಕೂತು ಯೋಚನೆ ಮಾಡಿದ್ರೆ ಮಾತ್ರ ಆಗತ್ತೆ. ನಾನು ಬಹಳ ಯೋಚನೆ ಮಾಡಿದ್ದೆ.

ಅಜ್ಜಂಪುರದಿಂದ ತರೀಕೆರೆಗೆ ಹೋಗೋ ದಾರೀಲಿ, ಕರಿ ಎರೆ ಹೊಲಗಳ ಮಧ್ಯೆ ನಮ್ಮೂರು. ಇಡೀ ಊರಿಗೆ ಒಬ್ಬರೇ ಮೇಷ್ಟ್ರು, ಇಡೀ ಊರಿಗೆ ಒಂದೇ ಕ್ರಿಶ್ಚಿಯನ್ ಮನೆ. ಎರಡೂ ನಮ್ಮದೇ. ಬೀರೂರಿಂದ ಯಾರೋ ತಂದುಕೊಟ್ಟ ರೈಲು ಕಂಬಿ ತುಂಡೇ ನಮ್ಮ ಸ್ಕೂಲಿನ ಗಂಟೆ. ಅಪ್ಪ ಅದನ್ನ ಬಡಿದ್ರೆ ಹೊಲದಲ್ಲಿದ್ದ ಎತ್ತುಗಳೂ ತಿರುಗಿ ನೋಡ್ತಿದ್ವು. ವಾರವೆಲ್ಲ ಸೀಮೆಸುಣ್ಣದ ಪುಡೀಲಿ ಬೆಳ್ಳಗಿರ್ತಿದ್ದ ಅಪ್ಪ ಶನಿವಾರ ಸಂಜೆ ಶರ್ಟು ಒಗೆದು, ನೀಲಿ ಹಾಕಿ, ತಂಬಿಗೆಗೆ ಕೆಂಡ ತುಂಬ್ಕೊಂಡು ತಾವೇ ಇಸ್ತ್ರಿ ಮಾಡ್ಕೊಳ್ಳೋರು. ಭಾನುವಾರ ಬೆಳಿಗ್ಗೆ ಆ ಶರ್ಟಿನ ಮೇಲೆ ಕರಿ ಕೋಟು ಹಾಕಿ, ಛತ್ರಿ ಹಿಡಿದು, ಬಸ್ಸು ಹತ್ತಿ ತರೀಕೆರೆ ಚರ್ಚಿಗೆ ಹೋಗೋರು. ಅಲ್ಲಿ ಎದ್ದು ನಿಂತು ಎಲ್ರಿಗೂ ಕೇಳೋ ಹಾಗೆ ಬೈಬಲ್ ಪಾಠ ಓದೋ ಕೆಲಸ ಅಪ್ಪನದು. ಜ್ವರ ಬರಲಿ, ಗಾಳಿ ಬರಲಿ, ಅಪ್ಪ ಭಾನುವಾರ ತಪ್ಪಿಸಿದ್ದು ನಾನು ನೋಡೇ ಇರಲಿಲ್ಲ.

ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅಪ್ಪ, ಅಮ್ಮ, ನಾನು ಚಾಪೆ ಮೇಲೆ ಮೊಣಕಾಲೂರಿ ಪ್ರಾರ್ಥನೆ ಮಾಡ್ತಿದ್ವಿ. ಅಪ್ಪನ ಪ್ರಾರ್ಥನೆ ಅಂದ್ರೆ ದೇವರ ಜತೆ ಕಷ್ಟಸುಖ ಮಾತಾಡಿದ ಹಾಗೆ. ಪಕ್ಕದ ಮನೆ ಹಸುವಿನ ಕಾಲು ನೋವು, ಲೆಕ್ಕದಲ್ಲಿ ಹಿಂದೆ ಬಿದ್ದ ಹುಡುಗ, ಬಾರದ ಮಳೆ, ಎಲ್ಲಾ ಅದರಲ್ಲಿ ಬರ್ತಿತ್ತು. ಶುರು ಮಾತ್ರ ಒಂದೇ ಥರ: "ನಮ್ಮನ್ನ ಕಾಯೋ ಕುರುಬನೇ..." ಅಂತ.

ಊರಲ್ಲಿ ಕುರುಬರ ಮನೆ ಬೇಕಾದಷ್ಟಿದ್ವು, ಆದ್ರೆ ಅವರೆಲ್ಲ ಹೊಲ ಉಳೋರು. ಕುರಿ ಕಾಯೋ ಕುರುಬ ಅಂತ ನಾನು ಕಂಡಿದ್ದು ಒಬ್ಬನ್ನೇ, ಮಂದೆ ತಾತನ್ನ. ಬಿತ್ತನೆಗೆ ಮುಂಚೆ ಹೊಲಕ್ಕೆ ಗೊಬ್ಬರ ಆಗ್ಲಿ ಅಂತ ಊರಿನೋರು ಅವನ ಮಂದೆನ ರಾತ್ರಿ ಹೊತ್ತು ಹೊಲದಲ್ಲಿ ನಿಲ್ಲಿಸ್ಕೊಳ್ತಿದ್ರು. ಅವನು ಬಂದ ಅಂದ್ರೆ ಊರಿಗೇ ವಾಸನೆ ಬಂದು ಹೇಳ್ತಿತ್ತು: ಕುರಿ ಉಣ್ಣೆ, ಹಿಕ್ಕೆ, ಬೀಡಿ ಹೊಗೆ.

ಒಂದು ಸಂಜೆ ನಾವು ಕಣ್ಣು ಮುಚ್ಕೊಂಡು ಕೂತಿದ್ವಿ. ಅಪ್ಪ ಹೇಳ್ತಿದ್ರು, "ಕುರುಬನೇ, ಇವತ್ತು ನಮ್ಮ ಮನೆಗೆ ಬಾ..."

ಹೊರಗಿಂದ ಉತ್ತರ ಬಂತು: "ಮೇಷ್ಟ್ರೇ, ಬೆಂಕಿಪೊಟ್ಟಣ ಐತಾ?"

ನಾನು ಕಣ್ಣು ಬಿಟ್ಟೆ. ಹೊಸ್ತಿಲಾಚೆ ದೇವರು ನಿಂತಿದ್ದ. ಬಾಯಲ್ಲಿ ಹಚ್ಚದ ಬೀಡಿ.

ಲೋಕಾನೇ ಮಾಡಿದೋನಿಗೆ ನಮ್ಮ ಮನೆ ಬೆಂಕಿಪೊಟ್ಟಣ ಯಾಕೆ ಬೇಕು ಅಂತ ಬುದ್ಧಿ ಇದ್ದೋರು ಕೇಳ್ತಿದ್ರು. ನಾನು ಕೇಳ್ಲಿಲ್ಲ. ಅಪ್ಪ ಪ್ರಾರ್ಥನೆ ಮುಗಿಸಿ, ಪೊಟ್ಟಣ ಕೊಟ್ಟು, ಕುರ್ಚಿ ತಂದು ಹಾಕಿ, "ಕೂತ್ಕೊಳ್ಳಿ" ಅಂದ್ರು. ಊರಲ್ಲಿ ಮಂದೆ ತಾತನ್ನ ಎಲ್ರೂ "ಲೇ ಮುದ್ಕ" ಅನ್ನೋರೇ. ಅಂಥೋನಿಗೆ ಅಪ್ಪ ಕುರ್ಚಿ ಹಾಕ್ತಾರೆ ಅಂದ್ಮೇಲೆ ನನಗೆ ಇನ್ನೇನು ಸಾಕ್ಷಿ ಬೇಕು?

ಆ ವರ್ಷ ಅಪ್ಪನಿಗೆ ತಾತನ ಹತ್ರ ಒಂದು ಆಸೆಯಿತ್ತು. ತಾತನ ಜತೆ ಮರಿಗಳನ್ನ ನೋಡ್ಕೊಳ್ಳೋಕೆ ಅವನ ಮೊಮ್ಮಗಳು ಬರ್ತಿದ್ದಳು. ನನಗಿಂತ ದೊಡ್ಡವಳು, ಅದಕ್ಕೆ ನನಗೆ ಅಕ್ಕ. ಹಿಂದಿನ ವರ್ಷ ಸ್ಕೂಲು ಶುರುವಾದ ಹೊಸದರಲ್ಲಿ ಅವಳು ಕಿಟಕಿ ಸರಳು ಹಿಡ್ಕೊಂಡು ಒಂದು ಪಾಠ ಪೂರ್ತಿ ಕೇಳಿದ್ದನ್ನ ಅಪ್ಪ ನೋಡಿದ್ರು. ತಾತನ ತಂಗಿ ನಮ್ಮೂರಲ್ಲೇ ಇದ್ದಳು. "ಆಕೆ ಮನೇಲಿ ಬಿಡಿ, ಹುಡುಗಿ ಓದ್ಲಿ" ಅಂತ ಅಪ್ಪ ಬೇಸಿಗೆ ಪೂರ್ತಿ ಹೇಳಿ ಹೇಳಿ, ಕೊನೆಗೆ ತಾತ "ಆಗ್ಲಿ ಬಿಡ್ರಿ" ಅಂದಿದ್ದ. ಅಕ್ಕ ಮಾತ್ರ ಹೂಂ ಅಂದಿರ್ಲಿಲ್ಲ, ಊಹೂಂ ಅಂದಿರ್ಲಿಲ್ಲ. ಅಪ್ಪ ಅವತ್ತು ಒಂದು ಮುದ್ದೆ ಜಾಸ್ತಿ ಉಂಡ್ರು. ಸೋಮವಾರ ಸ್ಕೂಲು ಶುರು.

ಶನಿವಾರ ಅಪ್ಪ, ನಾನು ಸ್ಕೂಲು ಸಿಂಗರಿಸ್ತಿದ್ವಿ. ಅಪ್ಪ ಸೊಪ್ಪಿನ ರಸಕ್ಕೆ ಇದ್ದಿಲು ಅರೆದು ಬೋರ್ಡಿಗೆ ಬಳೀತಿದ್ರು. ನಾನು ನೆಲಕ್ಕೆ ಸಗಣಿ ಸಾರಿಸ್ತಿದ್ದೆ, ಅಂದ್ರೆ ನೆಲಕ್ಕೆ ಸ್ವಲ್ಪ, ನನಗೆ ಬಹಳ. ನೀರು ತರೋಕೆ ಹೊರಗೆ ಹೋದಾಗ ಹುಡುಗರು ಸಿಕ್ಕಿದ್ರು. ಅವರದು ಯಾವಾಗಲೂ ಒಂದೇ ಪ್ರಶ್ನೆ.

"ನಿಮ್ಮನೇಲಿ ದ್ಯಾವ್ರ ಗೂಡೇ ಇಲ್ವಲ್ಲೋ, ನಿಮ್ ದ್ಯಾವ್ರು ಎಲ್ಲಿ ಮಲಕ್ಕಂತಾನೋ?"

ಮುಂಚೆ ಆಗಿದ್ರೆ ತರೀಕೆರೇಲಿ ಅಂತಿದ್ದೆ. ಅದಕ್ಕೆ ಅವರು, "ಹಂಗಾರೆ ನಮಸ್ಕಾರ ಮಾಡಾಕೆ ಬಸ್ ಚಾರ್ಜ್ ಕೊಡ್ಬೇಕಾ?" ಅಂತ ಇನ್ನೂ ನಗ್ತಿದ್ರು. ಅವತ್ತು ನಾನು ಎದೆ ಉಬ್ಬಿಸಿ, ಸಗಣಿ ಕೈ ಚಾಚಿ ಹೊಲದ ಕಡೆ ತೋರಿಸ್ದೆ. "ಅಲ್ಲಿ ನೋಡ್ರೋ, ಕಂಬಳಿ ಹೊದ್ದು ಕೂತವ್ನಲ್ಲ, ಅವ್ನೇ ನಮ್ ದೇವ್ರು. ನಮ್ಮಪ್ಪ ದಿನಾ ಸಂಜೆ ಕುರುಬನೇ ಅಂತ ಅವನ್ನೇ ಕರೆಯೋದು. ಬೇಕಾದ್ರೆ ಬಂದು ಕೇಳ್ಕೊಳ್ಳಿ!"

ಅವರು ಬಂದು ಕೇಳ್ಕೊಳ್ಳಲಿಲ್ಲ. ಸೀದಾ ದೇವರ ಹತ್ರಾನೇ ಹೋದ್ರು. ಎಕ್ಕದ ಹೂವು ಪೋಣಿಸಿ ತಾತನ ಕುತ್ತಿಗೆಗೆ ಹಾಕಿದ್ರು. ತೆಂಗಿನ ಚಿಪ್ಪಲ್ಲಿ ಒಣ ಎಲೆ ಹೊತ್ತಿಸಿ ಆರತಿ ಎತ್ತಿದ್ರು. "ಮೇಷ್ಟ್ರ ದ್ಯಾವ್ರೇ, ನಮ್ಮನ್ನ ಪಾಸ್ ಮಾಡ್ಸಪ್ಪೋ!" ಅಂತ ಅಡ್ಡಬಿದ್ರು. ದಾರೀಲಿ ಹೋಗ್ತಿದ್ದ ದೊಡ್ಡೋರೂ ನಿಂತು ನಕ್ಕರು. ಊರಿನೋರು ಆಡ್ಕೊಳ್ಳೋದು ತಾತನಿಗೆ ಹೊಸದಲ್ಲ. ಆದ್ರೆ ಅದರಲ್ಲಿ ಮೇಷ್ಟ್ರ ಹೆಸರು ಬಂದಿದ್ದು ಹೊಸದು.

ಸಂಜೆ ತಾತ ನಮ್ಮ ಮನೆ ಮುಂದೆ ಬಂದು ನಿಂತ. ಅಪ್ಪ ಕುರ್ಚಿ ತಂದ್ರು. ಕೂರ್ಲಿಲ್ಲ.

"ಈ ಊರಾಗೆ ನನ್ನ ಕೂತ್ಕಳ್ರಿ ಅಂದೋರು ನೀವೊಬ್ರೇ ಮೇಷ್ಟ್ರೇ. ನೀವೂ ಆಡ್ಕಂಡ್ರಾ? ನಮ್ ಕುಲದ ಹೆಸರು ಹಿಡ್ದು ದಿನಾ ಮನೆಯೋರೆಲ್ಲ ಕುಂತು ನಗ್ತೀರಂತೆ."

ಅಪ್ಪನಿಗೆ ತಲೆಬುಡ ಅರ್ಥ ಆಗ್ಲಿಲ್ಲ. ನಾನು ಬಾಗಿಲ ಹಿಂದೆ ರಾಗಿ ಚೀಲದ ಪಕ್ಕ ಇನ್ನೊಂದು ಚೀಲ ಆಗೋಕೆ ನೋಡ್ತಿದ್ದೆ.

"ಹುಡುಗಿನ ಬಿಡಲ್ಲ ನಾನು. ಸೋಮವಾರ ಮಂದೆ ಎತ್ತೀನಿ," ಅಂದ ತಾತ.

ಅಮ್ಮನಿಗೆ ನನ್ನ ಉಸಿರಾಟ ಕೇಳಿಸ್ತು ಅಂತ ಕಾಣತ್ತೆ. ಕಿವಿ ಹಿಡಿದು ಚೀಲದ ಪಕ್ಕದಿಂದ ಎತ್ತಿ ದೀಪದ ಬೆಳಕಿಗೆ ನಿಲ್ಲಿಸಿದ್ಲು. ನಾನು ಎಲ್ಲಾ ಹೇಳ್ದೆ: ಪ್ರಾರ್ಥನೆ, ಬೆಂಕಿಪೊಟ್ಟಣ, ಕುರ್ಚಿ. ಹೇಳ್ತಾ ಹೇಳ್ತಾ ನನಗೇ ಅದು ಅಷ್ಟೊಂದು ಬುದ್ಧಿವಂತಿಕೆ ಥರ ಕೇಳಿಸ್ಲಿಲ್ಲ.

ಅಪ್ಪ ತಾತನ ಹತ್ರ ಹೋಗಿ ನಿಂತ್ರು. "ಹುಡುಗ ತಪ್ಪು ತಿಳ್ಕೊಂಡಿದಾನೆ, ಕ್ಷಮಿಸಿ. ಆದ್ರೆ ನಾನು ದೇವರನ್ನ ಕುರುಬ ಅಂತ ಕರೆಯೋದು ನಿಜ. ನಗೋಕಲ್ಲ. ಕಾಯೋನು, ಬಿಟ್ಟು ಹೋಗದೋನು ಅಂತ ಹೇಳೋಕೆ ನನಗೆ ಗೊತ್ತಿರೋ ಮಾತಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ."

ತಾತ ಮೀಸೆ ನೀವ್ಕೊಂಡ. ಆಮೇಲೆ, "ನೆಳ್ಳಾಗೆ ಕುಂತು ಕುರುಬ ಅನ್ನೋದು ಸಲೀಸು ಕಣ್ರೀ. ನಾಳೆ ಒಂದಿನ ನೀವೇ ಕಾಯ್ರಿ. ದೊಡ್ಡ ಮಂದೆ ನಾನು ಗುಡ್ಡದ ಕಡೆ ಹೊಡ್ಕಂಡು ಹೋಯ್ತೀನಿ, ಮರಿಗಳು ನಿಮ್ಗೆ. ಹುಡುಗಿ ಕೈ ಹಚ್ಚಲ್ಲ, ಕುಂತು ನೋಡ್ತಾಳೆ. ನೀವು ಆಡ್ಕಂಡಿದ್ದೋ ಅಲ್ವೋ, ಸಂಜೆಗೆ ಅವಳೇ ಹೇಳ್ಲಿ," ಅಂದ.

"ನಾಳೆ ಭಾನುವಾರ ಕಣ್ರೀ," ಅಂತ ಅಮ್ಮ ಮೆಲ್ಲಗೆ ಅಂದ್ಲು.

ಅಪ್ಪ ಗೋಡೆ ಮೇಲಿದ್ದ ಮರದ ಶಿಲುಬೆ ನೋಡಿದ್ರು. ಇಸ್ತ್ರಿ ಮಾಡಿ ನೇತುಹಾಕಿದ್ದ ಶರ್ಟು ನೋಡಿದ್ರು. ಆಮೇಲೆ ತಾತನ ಕಡೆ ತಿರುಗಿ, "ಎಷ್ಟು ಹೊತ್ತಿಗೆ ಬರ್ಲಿ?" ಅಂದ್ರು.

ಬೆಳಿಗ್ಗೆ ಎದ್ದು ಅಪ್ಪ ಮನೇಲೇ ಪ್ರಾರ್ಥನೆ ಮಾಡಿ, ಭಾನುವಾರ ಅಲ್ವಾ ಅಂತ ಅದೇ ಬಿಳಿ ಶರ್ಟು, ಅದೇ ಕರಿ ಕೋಟು ಹಾಕ್ಕೊಂಡ್ರು. ನನ್ನ ಕೈಗೆ ಛತ್ರಿ ಕೊಟ್ಟು, "ನಡಿ. ದೇವರನ್ನ ಕಂಡುಹಿಡಿದೋನು ನೀನೇ ತಾನೇ," ಅಂದ್ರು.

ತಾತ ತನ್ನ ಕೋಲು ಅಪ್ಪನ ಕೈಗೆ ಕೊಟ್ಟು ಹೊರಟ. ಅಕ್ಕ ಜಾಲಿ ಮರದ ಕೆಳಗೆ ಒಂದು ಕಲ್ಲಿನ ಮೇಲೆ ಕೂತು, ಮೊಣಕಾಲಿಗೆ ಗದ್ದ ಊರಿ ನಮ್ಮನ್ನ ನೋಡೋಕೆ ಶುರು ಮಾಡಿದ್ಲು. ಟೆಂಟ್ ಸಿನಿಮಾ ನೋಡೋರೂ ಅಷ್ಟು ಗಮನ ಕೊಟ್ಟು ನೋಡಲ್ಲ.

ಸಿನಿಮಾ ಚೆನ್ನಾಗೇ ಇತ್ತು. "ಬನ್ನಿ, ಈ ಕಡೆ ಬನ್ನಿ, ಆತುರ ಬೇಡ," ಅಂತ ಅಪ್ಪ ಮರಿಗಳನ್ನ ಕರೆದ್ರು. ಮರಿಗಳು ಆ ಕಡೆ ಹೋದ್ವು. ಅಪ್ಪ ಆ ಕಡೆ ಹೋದ್ರು, ಅವು ಈ ಕಡೆ ಬಂದ್ವು. "ಅಯ್ಯೋ, ಮರೀಗೂ ಬನ್ನಿ ಅಂತಾರಲ್ಲಪ್ಪಾ!" ಅಂತ ಅಕ್ಕ ಕಂಬಳಿ ತುದಿ ಬಾಯಿಗೆ ತುರುಕ್ಕೊಂಡು ನಕ್ಕಳು. ಒಂದು ಮರಿ ಕೋಟಿನ ಗುಂಡಿ ಕಿತ್ತು ನುಂಗ್ತು. ಇನ್ನೊಂದು ಅಪ್ಪನ ಪಂಚೆ ತುದಿ ಚೀಪ್ತಾ ಹಿಂದೆ ಹಿಂದೆ ಬಂತು. ನಾನು ಸಹಾಯ ಮಾಡೋಣ ಅಂತ ಎಲ್ಲಕ್ಕೂ ಹೆಸರಿಟ್ಟು ಹಾಜರಿ ಕೂಗ್ದೆ. "ಬ್ಯಾ" ಅಂತ ಎಲ್ಲವೂ ಒಟ್ಟಿಗೆ ಹಾಜರಾದ್ವು, ಹತ್ರ ಮಾತ್ರ ಒಂದೂ ಬರ್ಲಿಲ್ಲ.

ಅಷ್ಟರಲ್ಲಿ ತರೀಕೆರೆ ಬಸ್ಸು ಬಂತು. ಅಪ್ಪ ಪ್ರತಿ ಭಾನುವಾರ ಹತ್ತೋ ಜಾಗದಲ್ಲಿ ತಾನಾಗೇ ನಿಂತ್ಕೊಳ್ತು. "ಮೇಷ್ಟ್ರೇ! ಚರ್ಚಿಗೆ ಬರಲ್ವಾ?" ಅಂತ ಕಂಡಕ್ಟರು ಕೂಗ್ದ. ಅಪ್ಪ ಕಂಕುಳಲ್ಲಿ ಒಂದು ಮರಿ ಇಟ್ಕೊಂಡು, ಕೋಲೆತ್ತಿ, ಹೋಗಿ ಹೋಗಿ ಅಂತ ಸನ್ನೆ ಮಾಡಿದ್ರು. ಬಸ್ಸಿನ ಎಲ್ಲಾ ಕಿಟಕಿಯಿಂದ ತಲೆ ಹೊರಗೆ ಬಂದ್ವು. ನಾನು ನಾಚಿಕೆಯಿಂದ ಒಂದು ಮರಿ ಹಿಂದೆ ಬಚ್ಚಿಟ್ಟುಕೊಂಡೆ. ಅದು ನನ್ನ ಮೊಣಕಾಲಿಗೂ ಬರ್ತಿರ್ಲಿಲ್ಲ. ಈಗೇನಾದ್ರೂ ಆ ಬಸ್ಸು ಬಂದು ನಿಂತ್ರೆ ನಾನು ಅದರ ಟಾಪ್ ಹತ್ತಿ ಕೂಗ್ತೀನಿ: "ನೋಡ್ರಪ್ಪಾ ಎಲ್ರೂ, ಕೋಟು ಹಾಕ್ಕೊಂಡು ಮರಿ ಎತ್ಕೊಂಡಿರೋರು ನಮ್ಮಪ್ಪ!"

ಬಸ್ಸು ಧೂಳೆಬ್ಬಿಸಿ ಹೋಯ್ತು. ಅಪ್ಪ ಅದು ಮರೆಯಾಗೋವರೆಗೂ ನೋಡಿ, ಚರ್ಚಲ್ಲಿ ಓದ್ಬೇಕಿದ್ದ ಪಾಠಾನ ಬಾಯಿಪಾಠವಾಗಿ ಮೆಲ್ಲಗೆ ಹೇಳ್ಕೊಂಡ್ರು. ಮರಿಗಳು ಆಗ ಮಾತ್ರ ಸ್ವಲ್ಪ ಹೊತ್ತು ಸುಮ್ನಿದ್ವು.

ಮಧ್ಯಾಹ್ನ ಕಳೀತಿದ್ದ ಹಾಗೆ ಸೆಕೆ ಉಸಿರು ಕಟ್ಟಿಸ್ತು. ತರೀಕೆರೆ ಗುಡ್ಡಗಳ ಮೇಲೆ ಮೋಡ ಬೋರ್ಡಿಗಿಂತ ಕಪ್ಪಾಯ್ತು. ಗಾಳಿ ಎದ್ದು ಎರೆ ಮಣ್ಣಿನ ಪುಡಿ ಕಣ್ಣಿಗೆ ತುಂಬ್ತು. ಮೊದಲ ದಪ್ಪ ಹನಿಗಳು ಬಿದ್ವು. ಆಗ ನನ್ನ ತಲೆ ಮತ್ತೆ ಕೆಲಸ ಮಾಡ್ತು. ಮರಿಗಳು ನೆನೀಬಾರ್ದು ಅಂತ ಅವುಗಳ ಮುಂದೆ ಹೋಗಿ, ಅಪ್ಪನ ಛತ್ರೀನ ಫಟ್ ಅಂತ ಬಿಚ್ಚಿದೆ.

ಪಾಪ, ಅವು ಹುಟ್ಟಿದ ಮೇಲೆ ಛತ್ರಿ ಕಂಡಿರ್ಲಿಲ್ಲ. ತೋಳ ಅಂದ್ಕೊಂಡ್ವೋ ಏನೋ, ಊರಿನ ನಾಲ್ಕೂ ದಿಕ್ಕಿಗೆ ಒಂದೊಂದು ಓಡಿದ್ವು. ಛತ್ರಿ ಗಾಳಿಗೆ ಉಲ್ಟಾ ಆಗಿ ನನ್ನನ್ನೂ ಎಳ್ಕೊಂಡು ಹೋಗಿ ಬದುವಿನಾಚೆ ಕೆಡವ್ತು. ಅಕ್ಕ ದಡಕ್ಕನೆ ಎದ್ದಳು. ಕೈ ಹಚ್ಚಬಾರ್ದು ಅನ್ನೋದು ನೆನಪಾಗಿ ಅಲ್ಲೇ ಕಾಲು ಬಡೀತಾ ನಿಂತಳು.

"ನಿಲ್ಲಿ! ನಿಲ್ಲಿ! ಹೆದರಬೇಡಿ!" ಅಂತ ಅಪ್ಪ ಪಂಚೆ ಎತ್ತಿ ಕಟ್ಟಿ ಓಡಿದ್ರು. ಮಳೆ ಹೊಡೀತು. ಎರೆ ಮಣ್ಣು ಅಂಟು ಅಂಟಾಗಿ ಅಪ್ಪನ ಚಪ್ಪಲಿ ಕಿತ್ಕೊಳ್ತು, ಆಮೇಲೆ ಅಪ್ಪನ್ನೇ ಕೆಡವ್ತು. ಎದ್ದು ಮತ್ತೆ ಓಡಿದ್ರು. ಸಿಕ್ಕಿದ ಮರಿಗಳನ್ನ ಕೋಟಿನೊಳಗೆ ಹಾಕ್ಕೊಂಡು ಹತ್ರಾನೇ ಇದ್ದ ಸ್ಕೂಲಿಗೆ ಒಯ್ದು ಬಿಟ್ಟು, ಮತ್ತೆ ಹೊಲಕ್ಕೆ ಬರೋರು. ಬಾಗಿಲು ತೆಗೆದಾಗಲೆಲ್ಲ ಒಳಗಿದ್ದೋವು ಹೊರಗೆ ಬರೋಕೆ ನೋಡ್ತಿದ್ವು. ಕೊನೆಗೆ ಅಕ್ಕ ಓಡಿಬಂದು ಬಾಗಿಲು ಹಿಡ್ಕೊಂಡಳು. "ಬಾಗ್ಲಿಗೆ ತಾನೇ ಕೈ ಹಚ್ಚಿರೋದು, ಮರೀಗಲ್ಲ," ಅಂತ ನನಗೆ ಹೇಳಿದ್ಲು. ಕಟ್ಟಕಡೆಯ ಮರಿ ಜಾಲಿ ಬೇಲೀಲಿ ಸಿಕ್ಕಿ ಕಿರುಚ್ತಿತ್ತು. ಅದನ್ನ ಬಿಡಿಸೋ ಹೊತ್ತಿಗೆ ಕೋಟು ಜಾರಿ, ಇಸ್ತ್ರಿ ಶರ್ಟು ಭುಜದಿಂದ ಸೊಂಟದವರೆಗೂ ಹರೀತು.

ಆ ವರ್ಷ ನಮ್ಮ ಸ್ಕೂಲಿಗೆ ಮೊದಲು ಬಂದೋರು ಕುರಿಮರಿಗಳೇ. ನಾನು ಸಾರಿಸಿದ್ದ ನೆಲದ ತುಂಬ ಹಿಕ್ಕೆ. ಹಸಿ ಉಣ್ಣೆಯ ಘಾಟು. ಒಂದು ಮರಿ ಗೋಡೆ ಮೇಲಿದ್ದ ಭೂಪಟದ ಅರಬ್ಬೀ ಸಮುದ್ರಾನ ಮೆಲ್ತಾ ಇತ್ತು. ಅಪ್ಪ ನೆಲದ ಮೇಲೆ ಕೂತು, ಕೋಟು ಬಿಚ್ಚಿ, ನಡುಗ್ತಿದ್ದ ಮರಿಗಳ ಮೈ ಒರೆಸ್ತಿದ್ರು. ಅಕ್ಕ ಹೊಸ ಕಪ್ಪು ಬಳಿದಿದ್ದ ಬೋರ್ಡಿನ ಮುಂದೆ ಹೋಗಿ ಒಂದು ಬೆರಳಿಂದ ಅದನ್ನ ಮುಟ್ಟಿ ನೋಡಿದ್ಲು. ಅಪ್ಪ ಒಂದು ಸೀಮೆಸುಣ್ಣಾನ ಅವಳ ಹತ್ರ ತಳ್ಳಿದ್ರು. ಒಂದು ಮರಿ ಅದನ್ನ ತಿನ್ನೋಕೆ ಬಂತು. ಅಕ್ಕ ಬೇಗ ಎತ್ಕೊಂಡಳು.

ಮಳೆ ನಿಲ್ಲೋ ಹೊತ್ತಿಗೆ ಹೊಲದಿಂದ ತಾತನ ಕೂಗು ಕೇಳಿಸ್ತು. ಮಂದೆ ಹೊಡ್ಕೊಂಡು ಬಂದು ನೋಡಿದ್ರೆ ಮರಿಗಳೂ ಇಲ್ಲ, ಮೇಷ್ಟ್ರೂ ಇಲ್ಲ, ಹುಡುಗೀನೂ ಇಲ್ಲ! ಅರಚಾಟ ಕೇಳಿ ಓಡಿಬಂದು ಸ್ಕೂಲಿನ ಬಾಗಿಲಲ್ಲಿ ಏದುಸಿರು ಬಿಡ್ತಾ ನಿಂತ. ಮರಿಗಳನ್ನ ಒಂದೊಂದಾಗಿ ನೋಡ್ದ. ಅಪ್ಪನ ಹರಿದ ಶರ್ಟು ನೋಡ್ದ.

"ಏನವ್ವಾ, ಹೆಂಗೆ ಕಾದ್ರು ಮೇಷ್ಟ್ರು?"

"ಒಂಚೂರೂ ಬರಲ್ಲ ತಾತ ಇವ್ರಿಗೆ," ಅಂದ್ಲು ಅಕ್ಕ. "ಮರಿಗಳು ಇವ್ರ ಮಾತೇ ಕೇಳಲ್ಲ. ಮಗ ಅಂತೂ ಇನ್ನೂ ದಂಡ."

ಅಪ್ಪ ತಲೆ ತಗ್ಗಿಸಿದ್ರು. ಬೇಸಿಗೆ ಪೂರ್ತಿ ಪಟ್ಟ ಪಾಡು ನನ್ನಿಂದ ಮಣ್ಣುಪಾಲಾಯ್ತು ಅಂತ ನಾನು ಮೆಲ್ಲಗೆ ಮರಿಗಳ ಮಧ್ಯೆ ಸರಿದು ಕೂತೆ.

"ಆಡ್ಕಂಡಿದ್ದೋ ಅಲ್ವೋ, ಅದನ್ನ ಹೇಳವ್ವಾ," ಅಂದ ತಾತ.

"ಆಡ್ಕಳೋರು ಮಳೇಲಿ ಮನೆಗೆ ಓಡ್ತಿದ್ರು. ಇವ್ರು ಬೇಲಿಯೊಳಗೆ ನುಗ್ಗಿದ್ರು," ಅಂದ್ಲು. ಸೀಮೆಸುಣ್ಣ ಇನ್ನೂ ಮುಷ್ಟೀಲೇ ಇತ್ತು. "ನಾನು ನಾಳೆ ಇಸ್ಕೂಲಿಗೆ ಬತ್ತೀನಿ ತಾತ."

ತಾತ ಹಸಿ ಕಂಬಳಿ ಪಕ್ಕಕ್ಕಿಟ್ಟು, ಹಿಕ್ಕೆ ಮಧ್ಯೆ ಒಂದು ಜಾಗ ಮಾಡ್ಕೊಂಡು, ಅಪ್ಪನ ಪಕ್ಕ ನೆಲದ ಮೇಲೆ ಕೂತು, ತಾನೂ ಒಂದು ಮರಿ ಮೈ ಒರೆಸೋಕೆ ಶುರು ಮಾಡ್ದ.

ಸೋಮವಾರ ನಸುಕಲ್ಲೇ ಎದ್ದು ನಾನು ಇಡೀ ನೆಲ ಮತ್ತೆ ಸಾರಿಸ್ಬೇಕಾಯ್ತು. ಅಪ್ಪ ಹೊಲಿದ ಶರ್ಟು ಹಾಕ್ಕೊಂಡು ಕಂಬಿ ಬಡಿದ್ರು. ಅಕ್ಕ ಮುಂದಿನ ಸಾಲಲ್ಲಿ ಬಂದು ಕೂತಳು. ನಮ್ಮ ದೇವರು ಎಲ್ಲಿ ಮಲಗ್ತಾನೆ ಅಂತ ಹುಡುಗರು ಆಮೇಲೂ ಕೇಳ್ತಿದ್ರು. ನಾನು ಮಾತ್ರ ಮತ್ತೆ ಯಾರನ್ನೂ ಬೆರಳು ಮಾಡಿ ತೋರಿಸ್ಲಿಲ್ಲ.

ನಿಮ್ಮ ಸ್ಕೂಲಿಗೆ ವ್ಯಾನು ಮನೆ ಬಾಗಿಲಿಗೆ ಬರತ್ತೆ. ನೆಲಕ್ಕೆ ಟೈಲ್ಸು ಹಾಕಿದಾರೆ, ಸಾರಿಸೋ ಕಷ್ಟ ಇಲ್ಲ. ಬೋರ್ಡು ಬೆಳ್ಳಗಾಗಿದೆ. ಕುರಿ ಬೇಕು ಅಂದ್ರೆ ಸ್ಕ್ರೀನ್ ಮೇಲೆ ಬಂದು "ಬ್ಯಾ" ಅಂದು ಹೋಗತ್ತೆ, ಹಿಕ್ಕೆ ಹಾಕಲ್ಲ. ಮೊನ್ನೆ ನೀವು ನಿಮ್ಮ ಮಿಸ್ ಬಗ್ಗೆ ಹೇಳ್ತಾ, "ತಪ್ಪು ಮಾಡಿದ್ರೂ ನಗ್ತಾರೆ ತಾತ" ಅಂದ್ರಿ. ಅದನ್ನ ಮಾಮೂಲು ಸಂಗತಿ ಥರ ಹೇಳಿದ್ರಿ. ನಮ್ಮ ಕಾಲದಲ್ಲಿ ಅದು ಮಾಮೂಲು ಆಗಿರ್ಲಿಲ್ಲ. ಸುತ್ತ ಯಾವ ಊರಿಗೆ ಹೋದ್ರೂ ಮೇಷ್ಟ್ರು ಅಂದ್ರೆ ಬೆತ್ತ, ಬೆತ್ತ ಅಂದ್ರೆ ಮೇಷ್ಟ್ರು.

ಸ್ಕೂಲು ಶುರುವಾಗಿ ಸ್ವಲ್ಪ ದಿನ ಆದ್ಮೇಲೆ ಅಕ್ಕ ಹೊಂಗೆ ಮರದ ಕೆಳಗೆ ಕೂತು ಸ್ಲೇಟಿನ ಮೇಲೆ ತನ್ನ ಹೆಸರು ತಿದ್ದುತಿದ್ದಳು. ನನಗೆ ತಡೆಯೋಕೆ ಆಗ್ಲಿಲ್ಲ. "ಅಲ್ಲ ಕಣಕ್ಕಾ, ನಮ್ಮಪ್ಪನಿಗೆ ಏನೂ ಬರಲ್ಲ ಅಂತ ನೀನೇ ಹೇಳ್ದೆ. ಏನೂ ಬರದೋರ ಸ್ಕೂಲಿಗೆ ಮತ್ತೆ ಯಾಕೆ ಬಂದೆ?" ಅಂತ ಕೇಳ್ದೆ.

ಅವಳು ತಲೆ ಎತ್ತಲಿಲ್ಲ. ಬರೀತಾನೇ ಹೇಳಿದ್ಲು:

"ಬೆಳಗಿಂದ ಸಂಜೆಗಂಟ ನೋಡ್ದೆ ಕಣೋ. ತಾತನ ಕೋಲು ಕೈಯಾಗೇ ಇತ್ತು. ಮರಿಗಳು ಅಷ್ಟು ಗೋಳು ಹುಯ್ಕಂಡ್ರೂ ಒಂದಕ್ಕೂ ಹೊಡೀಲಿಲ್ಲ ನಿಮ್ಮಪ್ಪ. ನಂಗೆ ಅಕ್ಸರ ಬರದಿದ್ರೂ ಹೊಡೆಯಲ್ಲ ಅನ್ನಿಸ್ತು."